ಉಪ್ಪುನೀರಿನ ಪುಟ್ಟ ತೊಟ್ಟಿ ಮತ್ತು ಇದ್ದಿಲು ಮಾಡಲಾಗದ ಕೆಲಸ

ಕಡಲಿನಿಂದ ನೂರಾರು ಕಿಲೊಮೀಟರ್ ದೂರದ ಊರಿನಲ್ಲಿ, ಮೇಜಿನ ಮೇಲೆ ಹಿಡಿಸುವ ಇಪ್ಪತ್ತು ಲೀಟರಿನ ಗಾಜಿನ ತೊಟ್ಟಿಯಲ್ಲಿ ಕಡಲಿನ ಜೀವಿಗಳನ್ನು ಸಾಕಬಹುದೆ? ಸಾಕಬಹುದು. ಸಮುದ್ರದ ಉಪ್ಪುಗಳ ಮಿಶ್ರಣ ಇಂದು ಪುಡಿಯ ರೂಪದಲ್ಲಿ ದೊರೆಯುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು 35 ಗ್ರಾಂ ಬೆರೆಸಿದರೆ ಕಡಲ ನೀರು ಸಿದ್ಧ. ಪಂಪು, ದೀಪ, ಉಷ್ಣತೆ ಕಾಯ್ದಿಡುವ ಹೀಟರುಗಳೂ ಸಿಗುತ್ತವೆ. ಆದರೆ ಇವೆಲ್ಲವನ್ನೂ ಅಣಿಗೊಳಿಸಿ, ಅದೇ ದಿನ ಮೀನನ್ನು ಬಿಟ್ಟು ಆಹಾರ ಹಾಕತೊಡಗಿದರೆ ಅದು ಕೆಲವೇ ದಿನಗಳಲ್ಲಿ ಸಾಯುವ ಸಂಭವವೇ ಹೆಚ್ಚು. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿರುತ್ತದೆ.

ಮೀನನ್ನು ಕೊಲ್ಲುವುದು ಅಮೋನಿಯ. ಮೀನಿನ ಕಿವಿರುಗಳಿಂದ ಹೊರಬೀಳುವ, ಉಳಿದ ಆಹಾರ ಕೊಳೆತಾಗ ಹುಟ್ಟುವ ಈ ಸಂಯುಕ್ತಕ್ಕೆ ನೀರಿನಲ್ಲಿ ಬಣ್ಣವಿಲ್ಲ. ಅಲ್ಪ ಪ್ರಮಾಣದಲ್ಲಿದ್ದರೆ ವಾಸನೆಯೂ ತಿಳಿಯದು. ಹಳೆಯ ತೊಟ್ಟಿಗಳಲ್ಲಿ ಇದನ್ನು ಬ್ಯಾಕ್ಟೀರಿಯಗಳು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತಿರುತ್ತವೆ. ಹೊಸ ತೊಟ್ಟಿಯಲ್ಲಿ ಆ ಬ್ಯಾಕ್ಟೀರಿಯಗಳು ನೆಲೆಯೂರಿರುವುದಿಲ್ಲ. ಅವು ನೆಲೆಯೂರಲು ಬೇಕಾಗುವ ನಾಲ್ಕರಿಂದ ಆರು ವಾರಗಳ ಅವಧಿಯನ್ನು ಅಕ್ವೇರಿಯಂ ಹವ್ಯಾಸಿಗಳು 'ಸೈಕ್ಲಿಂಗ್' ಎನ್ನುತ್ತಾರೆ. ಸೈಕ್ಲಿಂಗ್ ಎಂದರೆ ನೈಟ್ರೊಜನ್ ಚಕ್ರವನ್ನು ತೊಟ್ಟಿಯೊಳಗೆ ತಿರುಗಲು ಹಚ್ಚುವುದು.

ಇಲ್ಲಿ ಹೊಸಬರಿಗೆ ಒಂದು ಪ್ರಶ್ನೆ ಏಳುತ್ತದೆ. ಅಂಗಡಿಯಲ್ಲಿ ಪಟುಗೊಳಿಸಿದ ಇದ್ದಿಲು ಇದೆ, ಅಮೋನಿಯ ಹೀರುವ ಝಿಯೊಲೈಟ್ ಹರಳುಗಳಿವೆ. ಮೊದಲ ದಿನದಿಂದಲೇ ಇಂಥ ರಾಸಾಯನಿಕ ಶೋಧಕಗಳನ್ನು ಇಟ್ಟರೆ ಕಾಯುವ ಕಷ್ಟ ತಪ್ಪುವುದಿಲ್ಲವೆ? ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯೂ ಇದೆ. ಇದ್ದಿಲು ಅಮೋನಿಯವನ್ನೆಲ್ಲ ಹೀರಿ ಬ್ಯಾಕ್ಟೀರಿಯಗಳನ್ನು ಉಪವಾಸ ಕೆಡವುತ್ತದೆ, ಆದ್ದರಿಂದ ಸೈಕ್ಲಿಂಗ್ ಮುಗಿಯುವವರೆಗೆ ಅದನ್ನು ಮುಟ್ಟಲೇಬಾರದು ಎಂಬುದು ಆ ನಂಬಿಕೆ. ಎರಡೂ ಸರಿಯಲ್ಲ. ಏಕೆಂಬುದನ್ನು ತಿಳಿಯಲು ಸುಮಾರು ನೂರ ಎಪ್ಪತ್ತೈದು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕು. ಗಾಜಿನ ತೊಟ್ಟಿ, ಹೊಲದ ಮಣ್ಣು, ಚರಂಡಿಯ ನೀರು ಮತ್ತು ಇದ್ದಿಲು ಈ ನಾಲ್ಕರ ಚರಿತ್ರೆಗಳು ಇಲ್ಲಿ ಹೆಣೆದುಕೊಂಡಿವೆ.

ಗಾಜಿನೊಳಗಿನ ಸಮತೋಲ

1771ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಮಾಡಿದ ಪ್ರಯೋಗ ನಿಮಗೆ ಗೊತ್ತಿದೆ. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಮೇಣದಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನ ಗಿಡದ ರೆಂಬೆಯೊಂದು ಸರಿಪಡಿಸಿತು. ಇದಕ್ಕೆ ಬೆಳಕು ಬೇಕೆಂಬುದನ್ನು ಯಾನ್ ಇಂಗೆನ್‌ಹೌಸ್ 1779ರಲ್ಲಿ ತೋರಿಸಿದ. ಗಾಳಿಯಲ್ಲಿ ನಡೆಯುವ ಈ ಕೊಡುಕೊಳ್ಳುವಿಕೆ ನೀರಿನಲ್ಲಿಯೂ ನಡೆಯಬೇಕಲ್ಲವೆ?

ಹೀಗೆ ಯೋಚಿಸಿದವರಲ್ಲಿ ಒಬ್ಬ ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್. 1841ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿ ಸ್ಥಾಪನೆಯಾಗಲು ಮುಖ್ಯ ಕಾರಣನಾದವನು ಈತ. 1849ರಲ್ಲಿ ಈತ ಹನ್ನೆರಡು ಗ್ಯಾಲನ್ ಹಿಡಿಸುವ ಪಾತ್ರೆಯೊಂದರಲ್ಲಿ ಮರಳು ಹರಡಿ, ವ್ಯಾಲಿಸ್ನೇರಿಯ ಗಿಡ ನೆಟ್ಟು, ಎರಡು ಹೊಂಬಣ್ಣದ ಮೀನುಗಳನ್ನು ಬಿಟ್ಟ. ನೀರಿನ ಮೂಲಕ ನಡೆಯುವ ಪರಾಗಸ್ಪರ್ಶಕ್ಕೆ ನಮ್ಮ ಪಠ್ಯಪುಸ್ತಕಗಳು ಕೊಡುವ ಉದಾಹರಣೆ ಇದೇ ವ್ಯಾಲಿಸ್ನೇರಿಯ. ಗಿಡ ಆಕ್ಸಿಜನ್ ಕೊಟ್ಟಿತು, ಮೀನು ಕಾರ್ಬನ್ ಡೈಆಕ್ಸೈಡ್ ಕೊಟ್ಟಿತು. ಆದರೆ ಕೆಲಕಾಲದಲ್ಲಿ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಆಗ ವಾರಿಂಗ್ಟನ್ ಐದಾರು ಕೆರೆಯ ಬಸವನಹುಳುಗಳನ್ನು ತಂದು ಹಾಕಿದ. ಅವು ಕೊಳೆತ ಎಲೆಗಳನ್ನು ತಿಂದವು. ಅವುಗಳ ಮೊಟ್ಟೆಗಳು ಮೀನಿಗೆ ಆಹಾರವಾದವು. ನೀರು ಮತ್ತೆ ತಿಳಿಯಾಯಿತು. 1850ರಲ್ಲಿ ಈತ ಈ ವಿಷಯವನ್ನು ಕೆಮಿಕಲ್ ಸೊಸೈಟಿಯ ಮುಂದಿಟ್ಟ. ಮುಂದೆ ಕಡಲ ನೀರಿನಲ್ಲಿಯೂ ಇದೇ ಪ್ರಯೋಗ ಮಾಡಿ, ಅಲ್ಲಿ ಕಂದು ಮತ್ತು ಕೆಂಪು ಪಾಚಿಗಳಿಗಿಂತ ಹಸಿರು ಪಾಚಿಗಳೇ ಮೇಲು ಎಂದು ಕಂಡುಕೊಂಡ.

ವಾರಿಂಗ್ಟನ್ನನಿಗಿಂತ ಮೊದಲೇ ಈ ದಾರಿಯಲ್ಲಿ ನಡೆದ ಇಬ್ಬರು ಮಹಿಳೆಯರನ್ನು ಮರೆಯಬಾರದು. ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ ಜಾನ್ ವಿಲ್‌ಪ್ರೊ ಪವರ್ ಎಂಬ ಫ್ರೆಂಚ್ ಮಹಿಳೆ 1832ರ ಸುಮಾರಿಗೇ ಗಾಜಿನ ತೊಟ್ಟಿಗಳಲ್ಲಿ ಆರ್ಗೊನಾಟ ಎಂಬ ಮೃದ್ವಂಗಿಯನ್ನು ಇಟ್ಟು ಅಭ್ಯಾಸ ಮಾಡುತ್ತಿದ್ದಳು. ಇಂಗ್ಲೆಂಡಿನ ಆನಾ ತಿನ್ 1846ರಲ್ಲಿ ಟಾರ್ಕಿ ಎಂಬ ಕರಾವಳಿಯ ಊರಿನಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದು ಹಲವು ತಿಂಗಳು ಉಳಿಸಿಕೊಂಡಳು. ಆಕೆಯ ಬಳಿ ಪಂಪು ಇರಲಿಲ್ಲ. ನೀರಿಗೆ ಗಾಳಿ ಬೆರೆಯಲೆಂದು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸಲಾಗುತ್ತಿತ್ತು. ಬೇಸರದ ಈ ಕೆಲಸದ ಬಹುಪಾಲು ಮನೆಯ ಸೇವಕಿಯ ಪಾಲಿಗೆ ಬಂದಿತ್ತು.

ಈ ಪ್ರಯೋಗಗಳನ್ನು ಜನಸಾಮಾನ್ಯರ ಹವ್ಯಾಸವಾಗಿ ಮಾಡಿದವನು ಫಿಲಿಪ್ ಹೆನ್ರಿ ಗಾಸ್. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಗಾಸ್ ಬರೆದ 'ದಿ ಅಕ್ವೇರಿಯಂ' ಎಂಬ ಪುಸ್ತಕ ಬಂತು. ಈ ಪದ ಬಳಕೆಗೆ ಬಂದದ್ದು ಆ ಪುಸ್ತಕದಿಂದಲೇ. ಒಳನಾಡಿನವರಿಗೆ ಕಡಲ ನೀರು ಸಿಗುವುದಿಲ್ಲವೆಂದು ಅಡಿಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ಎಂಬ ನಾಲ್ಕು ಲವಣಗಳಿಂದ ಕೃತಕ ಸಮುದ್ರದ ನೀರು ತಯಾರಿಸುವ ಕ್ರಮವನ್ನೂ ಗಾಸ್ ಪ್ರಕಟಿಸಿದ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇಂದು ಉಪ್ಪಿನ ಪುಡಿ ಕೊಂಡು ತೊಟ್ಟಿ ಹೂಡುವವರು ಹಿಡಿದಿರುವುದು ಗಾಸ್ ತೋರಿಸಿದ ದಾರಿಯನ್ನೇ.

ಅರ್ಥವಾಗದ ಸಾವುಗಳು

ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾಗಿತ್ತು. ಗಾಜು ಅಗ್ಗವಾಯಿತು, ರೈಲು ಕರಾವಳಿಗೆ ಹೋಗಿತ್ತು. 1850ರ ದಶಕದ ಕೊನೆಗೆ ಅಲ್ಲಿನ ಮಧ್ಯಮ ವರ್ಗದ ಮನೆಗಳಲ್ಲಿ ಅಕ್ವೇರಿಯಂ ಒಂದು ಗೀಳಾಯಿತು. ಆದರೆ ಗೀಳು ಬಹಳ ಕಾಲ ಉಳಿಯಲಿಲ್ಲ. ತೊಟ್ಟಿಗಳು ನಾತ ಹೊಡೆದವು, ಪ್ರಾಣಿಗಳು ಸತ್ತವು, ಸಾಕಿದವರು ಬೇಸತ್ತು ಕೈಬಿಟ್ಟರು.

ಏಕೆ ಹೀಗಾಯಿತು? ಆ ಕಾಲದ ತಿಳಿವಳಿಕೆಯಲ್ಲಿ ಅಕ್ವೇರಿಯಂ ಎಂದರೆ ಎರಡು ಅನಿಲಗಳ ಲೆಕ್ಕ ಮಾತ್ರ. ಗಿಡದಿಂದ ಆಕ್ಸಿಜನ್, ಪ್ರಾಣಿಯಿಂದ ಕಾರ್ಬನ್ ಡೈಆಕ್ಸೈಡ್. ನೈಟ್ರೊಜನ್ನಿನ ಲೆಕ್ಕ ಯಾರ ಮನಸ್ಸಿನಲ್ಲೂ ಇರಲಿಲ್ಲ. ಗೆದ್ದವರ ತೊಟ್ಟಿಗಳಲ್ಲಿ ಕಡಲಿನಿಂದ ತಂದ ಕಲ್ಲು, ಮರಳು, ಚಿಪ್ಪುಗಳಿಗೆ ಅಂಟಿಕೊಂಡು ಬಂದ ಸೂಕ್ಷ್ಮಜೀವಿಗಳು ಸದ್ದಿಲ್ಲದೆ ಕೆಲಸ ಮಾಡುತ್ತಿದ್ದವು. ಸೋತವರ ತೊಟ್ಟಿಗಳಲ್ಲಿ ಅವು ಬೆಳೆಯುವ ಮೊದಲೇ ಪ್ರಾಣಿಗಳ ಸಂಖ್ಯೆ ಹೆಚ್ಚಾಗಿತ್ತು.

ಅನುಭವದಿಂದಲೇ ಉತ್ತರದ ಹತ್ತಿರ ಹೋದವನು ವಿಲಿಯಂ ಆಲ್ಫರ್ಡ್ ಲಾಯ್ಡ್. 1864ರಲ್ಲಿ ಹ್ಯಾಂಬರ್ಗಿನಲ್ಲಿ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಈತ ರೂಪಿಸಿದ ಮತ್ಸ್ಯಾಲಯಗಳು ತೆರೆದವು. ಪ್ರದರ್ಶನದ ತೊಟ್ಟಿಗಳಿಗಿಂತ ಎಷ್ಟೋ ದೊಡ್ಡದಾದ, ಕತ್ತಲೆಯ ನೆಲಮಾಳಿಗೆಯ ಜಲಾಶಯವೊಂದನ್ನು ಕಟ್ಟಿ, ನೀರನ್ನು ಹಗಲಿರುಳೂ ಅದರ ಮೂಲಕ ಸುತ್ತಿಸುವುದು ಲಾಯ್ಡ್‌ನ ಕ್ರಮ. ಕೊಳೆ ಅಲ್ಲಿ 'ಉರಿದು' ಹೋಗುತ್ತದೆಂದು ಆತ ಬಲ್ಲವನಾಗಿದ್ದ. ಅದನ್ನು ಉರಿಸುವವರು ಯಾರೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಚರಂಡಿಯ ನೀರು ಕಲಿಸಿದ ಪಾಠ

ಉತ್ತರ ಬಂದದ್ದು ಮೀನು ಸಾಕುವವರಿಂದಲ್ಲ, ಕೃಷಿ ವಿಜ್ಞಾನಿಗಳಿಂದ. ಮಣ್ಣಿನಲ್ಲಿ ನೈಟ್ರೇಟ್ ತಾನಾಗಿ ಉಂಟಾಗುವುದು ಜನರಿಗೆ ಹಳೆಯ ಕಾಲದಿಂದಲೂ ಗೊತ್ತಿತ್ತು. ಬಿಹಾರದ ಹಳ್ಳಿಗಳಲ್ಲಿ ದನದ ಕೊಟ್ಟಿಗೆಯ ಸುತ್ತಲಿನ ಮಣ್ಣಿನಿಂದ ಪೆಟ್ಲುಪ್ಪು ತೆಗೆಯುತ್ತಿದ್ದರು. ಯುರೋಪಿನ ಕೋವಿಮದ್ದಿಗೆ ಅದು ರಫ್ತಾಗುತ್ತಿತ್ತು. ಗಂಜಲದ ಅಮೋನಿಯ ಗಾಳಿಯ ಆಕ್ಸಿಜನ್ನಿನೊಡನೆ ಸೇರಿ ನೈಟ್ರೇಟ್ ಆಗುತ್ತದೆ, ಇದು ಬರಿಯ ರಾಸಾಯನಿಕ ಕ್ರಿಯೆ ಎಂದೇ ರಸಾಯನವಿಜ್ಞಾನಿಗಳು ಬಗೆದಿದ್ದರು. ಇದರ ಹಿಂದೆ ಜೀವಿಗಳಿರಬಹುದೆಂಬ ಸೂಚನೆಯನ್ನು ಲೂಯಿ ಪ್ಯಾಸ್ಚರ್ 1862ರಲ್ಲಿ ಕೊಟ್ಟಿದ್ದ.

1877ರಲ್ಲಿ ಫ್ರಾನ್ಸಿನ ಥಿಯೊಫಿಲ್ ಶ್ಲೋಸಿಂಗ್ ಮತ್ತು ಅಶೀಲ್ ಮ್ಯೂಂಟ್ಸ್ ಒಂದು ಸರಳ ಪ್ರಯೋಗದಿಂದ ಇದನ್ನು ಇತ್ಯರ್ಥ ಮಾಡಿದರು. ಒಂದು ಮೀಟರ್ ಉದ್ದದ ಗಾಜಿನ ಕೊಳವೆ. ಅದರಲ್ಲಿ ಚೆನ್ನಾಗಿ ಕಾಯಿಸಿದ ಮರಳು ಮತ್ತು ಸ್ವಲ್ಪ ಸುಣ್ಣಕಲ್ಲಿನ ಪುಡಿ. ಮೇಲಿನಿಂದ ಚರಂಡಿಯ ನೀರನ್ನು ಬಹಳ ನಿಧಾನವಾಗಿ ಬಿಡುತ್ತ ಹೋದರು. ನೀರು ಮೇಲಿನಿಂದ ಕೆಳಗಿಳಿಯಲು ಎಂಟು ದಿನ ಹಿಡಿಯುತ್ತಿತ್ತು. ಮೊದಲ ಇಪ್ಪತ್ತು ದಿನ ಏನೂ ಆಗಲಿಲ್ಲ. ಅಮೋನಿಯ ಇದ್ದಂತೆಯೇ ಹೊರಬಂತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡು, ದಿನದಿನಕ್ಕೆ ಏರಿ, ಕೊನೆಗೆ ಅಮೋನಿಯವೇ ಇಲ್ಲವಾಯಿತು.

ಈ ಇಪ್ಪತ್ತು ದಿನಗಳ ಮೌನದ ಅರ್ಥವನ್ನು ನೀವೇ ಯೋಚಿಸಿ ನೋಡಿ. ಮರಳು ಮತ್ತು ಗಾಳಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಅದು ಆರಂಭವಾಗಬೇಕಿತ್ತು. ತಡವಾಗಿ ಆರಂಭವಾಗಿ ಕ್ರಮೇಣ ಏರುವುದು ಬೆಳೆಯುವ ವಸ್ತುವಿನ, ಎಂದರೆ ಜೀವಿಯ, ಲಕ್ಷಣ. ಇದನ್ನು ಒರೆಗೆ ಹಚ್ಚಲು ಅವರು ಕೊಳವೆಯೊಳಗೆ ಕ್ಲೋರೋಫಾರಂ ಆವಿಯನ್ನು ತುಂಬಿದರು. ನೈಟ್ರೇಟ್ ಉತ್ಪತ್ತಿ ನಿಂತುಹೋಯಿತು. ಕ್ಲೋರೋಫಾರಂ ತೆಗೆದ ಮೇಲೂ ಅದು ಮರಳಲಿಲ್ಲ. ಆಗ ಸ್ವಲ್ಪ ತೋಟದ ಮಣ್ಣನ್ನು ನೀರಿನಲ್ಲಿ ಕಲಸಿ ಆ ನೀರನ್ನು ಹಾಕಿದರು. ಕೆಲದಿನಗಳಲ್ಲಿ ನೈಟ್ರೇಟ್ ಮತ್ತೆ ಬಂತು. ಇಂದು ಹವ್ಯಾಸಿಗಳು ಹಳೆಯ ತೊಟ್ಟಿಯ ಒಂದು ಹಿಡಿ ಮರಳನ್ನು ಹೊಸ ತೊಟ್ಟಿಗೆ ಹಾಕುವುದು ಇದೇ ಕಾರಣಕ್ಕೆ.

ಇಲ್ಲಿ ಚರಿತ್ರೆಯ ಒಂದು ಸೊಗಸಾದ ತಿರುವು ಇದೆ. ಫ್ರೆಂಚರ ಈ ಕೆಲಸವನ್ನು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮುಂದುವರಿಸಿದವನ ಹೆಸರೂ ರಾಬರ್ಟ್ ವಾರಿಂಗ್ಟನ್! ಈತ ಅಕ್ವೇರಿಯಂ ಹೂಡಿದ ವಾರಿಂಗ್ಟನ್ನನ ಮಗ. 1838ರಲ್ಲಿ ಹುಟ್ಟಿದ ಈತ 1878ರಿಂದ ಹಲವು ವರ್ಷ ನೈಟ್ರೀಕರಣವನ್ನು ಕುರಿತು ಪ್ರಬಂಧಗಳನ್ನು ಬರೆದ. ಅಮೋನಿಯದಿಂದ ನೈಟ್ರೈಟ್, ನೈಟ್ರೈಟ್‌ನಿಂದ ನೈಟ್ರೇಟ್, ಇವು ಎರಡು ಬೇರೆ ಹಂತಗಳು, ಎರಡು ಬೇರೆ ಜೀವಿಗಳ ಕೆಲಸ ಎಂದು ತೋರಿಸಿದ. ಬೆಳಕು ಈ ಕ್ರಿಯೆಗೆ ಅಡ್ಡಿಯೆಂಬುದನ್ನೂ ಗಮನಿಸಿದ. ಲಾಯ್ಡ್‌ನ ಕತ್ತಲೆಯ ಜಲಾಶಯದ ಗುಟ್ಟು ಸ್ವಲ್ಪಮಟ್ಟಿಗೆ ಇಲ್ಲಿ ಬಯಲಾಗುತ್ತದೆ. ತಂದೆಯ ತೊಟ್ಟಿಯಲ್ಲಿ ಲೆಕ್ಕಕ್ಕೆ ಸಿಗದೆ ಉಳಿದಿದ್ದ ಅಂಶವನ್ನು ಮಗ ಹೊಲದ ಮಣ್ಣಿನಲ್ಲಿ ಹಿಡಿದಿದ್ದ. ಆದರೆ ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸುವುದು ಆತನಿಂದಾಗಲಿಲ್ಲ.

ಅದನ್ನು ಸಾಧಿಸಿದವನು ರಷ್ಯದ ಸರ್ಗೈ ವಿನೊಗ್ರಾಡ್‌ಸ್ಕಿ. 1890ರಲ್ಲಿ ಜೂರಿಕ್‌ನಲ್ಲಿದ್ದಾಗ ಆತ ಸಾವಯವ ಆಹಾರವನ್ನೇ ಕೊಡದೆ, ಅಮೋನಿಯ ಲವಣ ಮತ್ತು ಖನಿಜಗಳಿದ್ದ ದ್ರವದಲ್ಲಿ ಈ ಬ್ಯಾಕ್ಟೀರಿಯಗಳನ್ನು ಬೆಳೆಸಿದ. ಅವು ಅಮೋನಿಯದ ಉತ್ಕರ್ಷಣದಿಂದ ಶಕ್ತಿ ಪಡೆದು ಕಾರ್ಬನ್ ಡೈಆಕ್ಸೈಡಿನಿಂದ ದೇಹ ಕಟ್ಟಿಕೊಳ್ಳುತ್ತವೆ. ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಎಂಬ ಹೆಸರುಗಳು ವಿನೊಗ್ರಾಡ್‌ಸ್ಕಿ ಇಟ್ಟವು. ಇಂಥ ಬಡ ಜೀವನದಲ್ಲಿ ಬೆಳವಣಿಗೆ ನಿಧಾನ. ಈಶ್ಚರೀಷಿಯ ಕೋಲೈ ಅನುಕೂಲ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಗಳಿಗೊಮ್ಮೆ ಇಮ್ಮಡಿಯಾದರೆ, ಇವಕ್ಕೆ ಹಲವು ಗಂಟೆಗಳಿಂದ ಒಂದೆರಡು ದಿನಗಳೇ ಬೇಕು. ಹೊಸ ತೊಟ್ಟಿಯಲ್ಲಿ ವಾರಗಟ್ಟಲೆ ಕಾಯಬೇಕಾಗುವುದು ಇದರಿಂದ.

ಇದ್ದಿಲಿನ ಕಥೆ

ಈಗ ರಾಸಾಯನಿಕ ಶೋಧಕದ ಕಡೆಗೆ ತಿರುಗೋಣ. 1785ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಔಷಧಿಕಾರ ಟೋಬಿಯಾಸ್ ಲೋವಿಟ್ಸ್, ಕಂದುಗಟ್ಟಿದ ಟಾರ್ಟಾರಿಕ್ ಆಮ್ಲದ ದ್ರಾವಣ ಇದ್ದಿಲ ಪುಡಿಯಿಂದ ಬಣ್ಣ ಕಳೆದುಕೊಳ್ಳುವುದನ್ನು ಕಂಡ. ಕೆಟ್ಟ ನೀರಿನ ವಾಸನೆಯೂ ಹಾಗೆಯೇ ಹೋಗುತ್ತಿತ್ತು. 19ನೆಯ ಶತಮಾನದಲ್ಲಿ ಸಕ್ಕರೆ ಕಾರ್ಖಾನೆಗಳು ಮೂಳೆಯ ಇದ್ದಿಲಿನಿಂದ ಸಕ್ಕರೆಯನ್ನು ಬಿಳುಪು ಮಾಡಿದವು. ಲಂಡನ್ನಿನ ಮನೆಗಳಲ್ಲಿ ಕುಡಿಯುವ ನೀರಿಗೆ ಇದ್ದಿಲ ಶೋಧಕಗಳು ಬಂದವು. 1900ರ ಸುಮಾರಿಗೆ ರಾಫಾಯೆಲ್ ಫಾನ್ ಓಸ್ಟ್ರೆಯ್ಕೊ ಇದ್ದಿಲನ್ನು ಹಬೆ ಅಥವಾ ಲವಣಗಳೊಡನೆ ಕಾಯಿಸಿ ಅದರ ರಂಧ್ರಗಳನ್ನು ಹೆಚ್ಚಿಸುವ ವಿಧಾನಗಳಿಗೆ ಪೇಟೆಂಟ್ ಪಡೆದ. ಹೀಗೆ ಪಟುಗೊಳಿಸಿದ ಇದ್ದಿಲಿನ ಒಂದು ಗ್ರಾಮಿನ ಒಳಮೈ 500ರಿಂದ 1,500 ಚದರ ಮೀಟರುಗಳಷ್ಟಿರುತ್ತದೆ. ಮೊದಲನೆಯ ಮಹಾಯುದ್ಧದ ವಿಷಾನಿಲ ಮುಖವಾಡಗಳು ಇದಕ್ಕೆ ಬೇಡಿಕೆ ತಂದವು. ಆಗ ಅತ್ಯುತ್ತಮವೆಂದು ಕಂಡುಬಂದದ್ದು ತೆಂಗಿನ ಚಿಪ್ಪಿನ ಇದ್ದಿಲು. ಇಂದಿಗೂ ಅಕ್ವೇರಿಯಂಗಳಲ್ಲಿ ಬಳಸುವ ಇದ್ದಿಲಿನಲ್ಲಿ ಬಹಳಷ್ಟು ತೆಂಗಿನ ಚಿಪ್ಪಿನದೇ.

ಒಂದು ವಸ್ತು ಇನ್ನೊಂದರ ಮೇಲ್ಮೈಗೆ ಅಂಟಿಕೊಳ್ಳುವುದನ್ನು ಅಧಿಶೋಷಣೆ ಎನ್ನುತ್ತೇವೆ. ಸ್ಪಂಜು ನೀರನ್ನು ತನ್ನೊಳಗೆ ತುಂಬಿಕೊಳ್ಳುವುದಕ್ಕಿಂತ ಇದು ಬೇರೆ. ಇಲ್ಲಿ ಒಂದು ಸ್ವಾರಸ್ಯವಿದೆ. 19ನೆಯ ಶತಮಾನದ ಎರಡನೆಯ ದಶಕದಲ್ಲಿ ಜಿನೀವದ ಥಿಯೊಡೋರ್ ದ ಸೊಸ್ಯೂರ್ ಇದ್ದಿಲು ಯಾವ ಅನಿಲವನ್ನು ಎಷ್ಟು ಹಿಡಿಯುತ್ತದೆಂದು ಅಳೆದ. ಎಲ್ಲಕ್ಕಿಂತ ಹೆಚ್ಚು ಹಿಡಿದದ್ದು ಅಮೋನಿಯವನ್ನು: ತನ್ನ ಗಾತ್ರದ 90 ಪಟ್ಟು! ಹಾಗಾದರೆ ಮೀನಿನ ತೊಟ್ಟಿಯ ಅಮೋನಿಯವನ್ನೂ ಅದು ಹೀರಬೇಕಲ್ಲವೆ?

ಹೀರುವುದಿಲ್ಲ. ಸೊಸ್ಯೂರ್ ಅಳೆದದ್ದು ಒಣ ಇದ್ದಿಲು, ಶುದ್ಧ ಅನಿಲ. ನೀರಿನಲ್ಲಿ ಅಮೋನಿಯದ ಬಹುಪಾಲು ಅಮೋನಿಯಂ ಅಯಾನಾಗಿ ಬದಲಾಗುತ್ತದೆ. ಆ ಅಯಾನಿನ ಸುತ್ತ ನೀರಿನ ಅಣುಗಳು ಬಿಗಿಯಾಗಿ ಕವಿದಿರುತ್ತವೆ. ಉಳಿದ ಅಮೋನಿಯ ಅಣುಗಳಿಗೂ ಇದ್ದಿಲಿಗಿಂತ ನೀರಿನ ಸಂಗವೇ ಪ್ರಿಯ. ಇದ್ದಿಲಿನ ಮೈ ಒಲಿಯುವುದು ನೀರಿನಲ್ಲಿ ಸುಲಭವಾಗಿ ನಿಲ್ಲಲೊಲ್ಲದ ದೊಡ್ಡ ಸಾವಯವ ಅಣುಗಳಿಗೆ. ಹಳದಿ ಬಣ್ಣ, ದುರ್ವಾಸನೆ, ಸತ್ತ ಜೀವಿಗಳಿಂದ ಸೋರುವ ಕೆಲವು ವಿಷಗಳು, ಔಷಧದ ಉಳಿಕೆ ಇಂಥವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ನಲ್ಲಿ ನೀರಿನ ಕ್ಲೋರಿನ್ನನ್ನೂ ಅದರೊಡನೆ ವರ್ತಿಸಿ ತೆಗೆಯುತ್ತದೆ. ಅಮೋನಿಯ, ನೈಟ್ರೈಟ್, ನೈಟ್ರೇಟ್ ಮೂರನ್ನೂ ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ.

ಸಿಹಿನೀರಿನಲ್ಲಿ ಗೆದ್ದು ಉಪ್ಪುನೀರಿನಲ್ಲಿ ಸೋತ ಹರಳು

ಝಿಯೊಲೈಟಿನ ಕಥೆ ಬೇರೆ. ಅದು ಅಮೋನಿಯಂ ಅಯಾನನ್ನು ನಿಜವಾಗಿಯೂ ಹಿಡಿಯಬಲ್ಲದು. ಇದರ ಹಿಂದಿನ ತತ್ತ್ವ ಬೆಳಕಿಗೆ ಬಂದದ್ದು ತಂದೆ ವಾರಿಂಗ್ಟನ್ ತನ್ನ ತೊಟ್ಟಿಯನ್ನು ವರ್ಣಿಸಿದ ಅದೇ 1850ರಲ್ಲಿ. ಇಂಗ್ಲೆಂಡಿನ ಜಮೀನುದಾರ ಎಚ್. ಎಸ್. ಥಾಂಪ್ಸನ್ ಮಣ್ಣಿನ ಕಂಬದ ಮೇಲೆ ಅಮೋನಿಯಂ ಸಲ್ಫೇಟ್ ದ್ರಾವಣ ಸುರಿದಾಗ ಕೆಳಗೆ ಕ್ಯಾಲ್ಸಿಯಂ ಸಲ್ಫೇಟ್ ಇಳಿಯಿತು. ಅಮೋನಿಯಂ ಮಣ್ಣಿನಲ್ಲೇ ಉಳಿಯಿತು. ಜೆ. ಟಿ. ವೇ ಎಂಬ ಕೃಷಿ ರಸಾಯನವಿಜ್ಞಾನಿ ಇದನ್ನು ವಿವರವಾಗಿ ಪರೀಕ್ಷಿಸಿದ. ಇದೇ ಅಯಾನು ವಿನಿಮಯ. ಒಂದು ಅಯಾನು ಒಳಗೆ ಬಂದರೆ ಇನ್ನೊಂದು ಹೊರಗೆ ಹೋಗುತ್ತದೆ. ಕ್ಲಿನೊಪ್ಟಿಲೊಲೈಟ್ ಎಂಬ ಝಿಯೊಲೈಟ್ ಖನಿಜ ಸಿಹಿನೀರಿನಲ್ಲಿ ತನ್ನ ಸೋಡಿಯಂ ಕೊಟ್ಟು ಅಮೋನಿಯಂ ಪಡೆಯುತ್ತದೆ.

ಕಡಲ ನೀರಿನಲ್ಲಿ ಏನಾಗುತ್ತದೆಂದು ಲೆಕ್ಕ ಹಾಕೋಣ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 10.8 ಗ್ರಾಂ ಸೋಡಿಯಂ ಇದೆ, ಎಂದರೆ 470 ಮಿಲಿಮೋಲ್. ತೊಟ್ಟಿಯಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಅಮೋನಿಯಂ ಇದೆಯೆಂದರೆ ಅದು ಕೇವಲ 0.055 ಮಿಲಿಮೋಲ್. ಒಂದು ಅಮೋನಿಯಂ ಅಯಾನಿಗೆ ಎದುರಾಗಿ ಎಂಟು ಸಾವಿರಕ್ಕೂ ಹೆಚ್ಚು ಸೋಡಿಯಂ ಅಯಾನುಗಳು! ಝಿಯೊಲೈಟಿಗೆ ಅಮೋನಿಯಂ ಮೇಲೆ ಎಷ್ಟೇ ಒಲವಿದ್ದರೂ ಈ ನೂಕುನುಗ್ಗಲಿನಲ್ಲಿ ಅದು ಉಪಯೋಗಕ್ಕೆ ಬಾರದು. ಅಮೋನಿಯಂ ತುಂಬಿದ ಝಿಯೊಲೈಟನ್ನು ಮತ್ತೆ ಬಳಸಲು ಸಿದ್ಧಗೊಳಿಸುವುದೇ ಉಪ್ಪಿನ ನೀರಿನಲ್ಲಿ ನೆನೆಸಿ. ಸಿಹಿನೀರಿನ ತೊಟ್ಟಿಯಲ್ಲಿ ಬಳಸಿದ್ದ ಹರಳುಗಳನ್ನು ಕಡಲ ನೀರಿಗೆ ಹಾಕಿದರೆ ಅವು ಹಿಡಿದಿಟ್ಟಿದ್ದ ಅಮೋನಿಯಂ ಹೊರಬಿದ್ದು ಅಪಾಯವೇ ಆದೀತು.

ತೊಟ್ಟಿ ಪುಟ್ಟದಾದರೆ

ಪುಟ್ಟ ತೊಟ್ಟಿಯಲ್ಲಿ ಇದೆಲ್ಲ ಏಕೆ ಹೆಚ್ಚು ಮುಖ್ಯ? ಐದು ಗ್ರಾಂ ತೂಕದ ಒಂದು ಸೀಗಡಿ ಕಲ್ಲಿನ ಹಿಂದೆ ಸತ್ತು ಕೊಳೆಯಿತೆನ್ನಿ. ಅದರಲ್ಲಿ ಸುಮಾರು ಒಂದು ಗ್ರಾಂ ಪ್ರೋಟೀನಿದೆ. ಪ್ರೋಟೀನಿನಲ್ಲಿ ನೈಟ್ರೊಜನ್ ಶೇಕಡ 16. ಎಂದರೆ 160 ಮಿಲಿಗ್ರಾಂ. ಅದೆಲ್ಲ ಅಮೋನಿಯವಾದರೆ 400 ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ 0.4 ಮಿಲಿಗ್ರಾಂ ನೈಟ್ರೊಜನ್, 20 ಲೀಟರಿನ ತೊಟ್ಟಿಯಲ್ಲಿ 8 ಮಿಲಿಗ್ರಾಂ.

ಉಪ್ಪುನೀರು ಕ್ಷಾರೀಯ ಎಂಬುದು ಇನ್ನೊಂದು ತೊಡಕು. ಅಮೋನಿಯಂ ಅಯಾನಿಗಿಂತ ಮುಕ್ತ ಅಮೋನಿಯ ಬಹಳ ಹೆಚ್ಚು ವಿಷಕಾರಿ. ಪಿಎಚ್ 7 ಇದ್ದಾಗ ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ ಮುಕ್ತ ರೂಪದಲ್ಲಿರುತ್ತದೆ. ಕಡಲ ನೀರಿನ 8.2ರಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ನೂರಕ್ಕೆ ಐದಾರು ಭಾಗವಾಗುತ್ತದೆ. ಮೇಲೆ ಹೇಳಿದ 8 ಮಿಲಿಗ್ರಾಮಿನಲ್ಲಿ ಮುಕ್ತ ಅಮೋನಿಯವೇ ಅರ್ಧ ಮಿಲಿಗ್ರಾಮಿನ ಹತ್ತಿರ ಬರುತ್ತದೆ. ಅನೇಕ ಮೀನುಗಳಿಗೆ ಅದು ಮಾರಕ. ನೈಟ್ರೈಟ್ ವಿಷಯದಲ್ಲಿ ಮಾತ್ರ ಕಡಲು ದಯೆ ತೋರಿದೆ. ನೀರಿನಲ್ಲಿರುವ ಹೇರಳ ಕ್ಲೋರೈಡ್ ಮೀನಿನ ಕಿವಿರಿನಲ್ಲಿ ನೈಟ್ರೈಟ್ ನುಗ್ಗದಂತೆ ತಡೆಯುತ್ತದೆ.

ಹಾಗಾದರೆ ಸೈಕ್ಲಿಂಗ್ ಸಮಯದಲ್ಲಿ ಇದ್ದಿಲು ಬೇಕೆ, ಬೇಡವೆ? ಚರಿತ್ರೆಯೇ ಉತ್ತರ ಕೊಟ್ಟಿದೆ. ಅದು ಬ್ಯಾಕ್ಟೀರಿಯಗಳ ಕೆಲಸವನ್ನು ಮಾಡದು, ಆದ್ದರಿಂದ ಕಾಯುವುದನ್ನು ತಪ್ಪಿಸದು. ಅಮೋನಿಯವನ್ನು ಹೀರದು, ಆದ್ದರಿಂದ ಬ್ಯಾಕ್ಟೀರಿಯಗಳನ್ನು ಉಪವಾಸ ಕೆಡವದು. 1961ರಲ್ಲಿ ಇಂಡೋನೇಷ್ಯದ ಲೀ ಚಿನ್ ಎಂಗ್ ಅವರ ಬರಹದಿಂದ ಹೆಸರಾದ ಕ್ರಮದಂತೆ, ಜೀವಿಗಳು ಅಂಟಿಕೊಂಡಿರುವ 'ಜೀವಂತ ಶಿಲೆ'ಯನ್ನು ಬಳಸುವುದಾದರೆ ಇದ್ದಿಲಿಗೆ ನಿಜವಾದ ಕೆಲಸವಿದೆ. ಸಾಗಾಣಿಕೆಯಲ್ಲಿ ಸತ್ತ ಸ್ಪಂಜು, ಹುಳು ಮೊದಲಾದವು ಕೊಳೆತು ನೀರು ಹಳದಿಗಟ್ಟುತ್ತದೆ, ವಾಸನೆ ಬರುತ್ತದೆ. ಆಗ ಚೆನ್ನಾಗಿ ತೊಳೆದ ಒಂದೆರಡು ಚಮಚ ಇದ್ದಿಲನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ನೀರು ಹರಿಯುವಲ್ಲಿ ಇಟ್ಟರೆ ಸಾಕು. ಕೆಲವು ವಾರಗಳಲ್ಲಿ ಅದರ ಮೈ ತುಂಬುತ್ತದೆ, ಬದಲಿಸಬೇಕು. ಬದಲಿಸುವಾಗ ಅದರ ಮೇಲೆ ಮನೆ ಮಾಡಿದ ಬ್ಯಾಕ್ಟೀರಿಯಗಳೂ ಹೋಗುತ್ತವೆ. ಆದ್ದರಿಂದ ಅವುಗಳ ಮುಖ್ಯ ನೆಲೆ ಕಲ್ಲು ಮತ್ತು ಮರಳೇ ಆಗಿರಬೇಕು. ಕರಾವಳಿಯಲ್ಲಿರುವವರು ಒಂದು ಮಾತು ನೆನಪಿಡಬೇಕು. ಬಂಡೆ ಕಟ್ಟುವ ಹವಳಗಳಿಗೆ ಭಾರತದಲ್ಲಿ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಇದೆ. ಕಡಲಿನಿಂದ ಅವನ್ನು ಕಿತ್ತು ತರುವುದು ಅಪರಾಧ.

ತೊಟ್ಟಿಯೇ ಕೊಟ್ಟ ಹೊಸ ಜೀವಿ

ವಿನೊಗ್ರಾಡ್‌ಸ್ಕಿಯ ನಂತರ ಒಂದು ಶತಮಾನ ಕಾಲ ಈ ಕಥೆ ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು. ಅದನ್ನು ಮತ್ತೆ ತೆರೆದದ್ದು ಅಕ್ವೇರಿಯಂಗಳೇ. ತೊಟ್ಟಿಗಳಲ್ಲಿ ನೈಟ್ರೈಟನ್ನು ಉತ್ಕರ್ಷಿಸುವುದು ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರ ಬಗೆಯ ಬ್ಯಾಕ್ಟೀರಿಯ ಎಂದು ಟಿಮತಿ ಹೋವನೆಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. 2005ರಲ್ಲಿ ಅಮೆರಿಕದ ಸಿಯಾಟಲ್ ನಗರದ ಸಾರ್ವಜನಿಕ ಮತ್ಸ್ಯಾಲಯದ ಉಪ್ಪುನೀರಿನ ತೊಟ್ಟಿಯೊಂದರಿಂದ ಅಮೋನಿಯ ಉತ್ಕರ್ಷಿಸುವ ಜೀವಿಯೊಂದನ್ನು ಬೇರ್ಪಡಿಸಲಾಯಿತು. ಅದು ಬ್ಯಾಕ್ಟೀರಿಯವೇ ಅಲ್ಲ, ಆರ್ಕಿಯ ಎಂಬ ಬೇರೆಯೇ ಗುಂಪಿನದು. ಅದರ ಹೆಸರು ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್. ಇದರ ಬಂಧುಗಳು ಮಹಾಸಾಗರಗಳಲ್ಲೆಲ್ಲ ಹೇರಳವಾಗಿವೆಯೆಂಬುದು ಆಮೇಲೆ ಸ್ಪಷ್ಟವಾಯಿತು. 2015ರಲ್ಲಿ ಎರಡೂ ಹಂತಗಳನ್ನು ಒಂದೇ ಜೀವಿ ಮಾಡಬಲ್ಲದೆಂದು ಎರಡು ತಂಡಗಳು ವರದಿ ಮಾಡಿದವು. ಅವುಗಳಲ್ಲಿ ಒಂದು ತಂಡಕ್ಕೆ ಆ ಜೀವಿ ಸಿಕ್ಕಿದ್ದು ಮೀನು ಸಾಕಣೆಯ ಶೋಧಕದಲ್ಲಿ.

ಪ್ರಯೋಗಾಲಯದಲ್ಲಿ ನೀವೂ ನೋಡಬಹುದು

ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಕಂಡದ್ದನ್ನು ಶಾಲೆಯಲ್ಲಿ ಒಂದು ಪ್ರಾಣಿಯನ್ನೂ ಬಳಸದೆ ಮರಳಿ ಕಾಣಬಹುದು. ಹತ್ತು ಲೀಟರಿನ ಮೂರು ಪಾತ್ರೆಗಳಲ್ಲಿ ಕೃತಕ ಕಡಲ ನೀರು ತೆಗೆದುಕೊಳ್ಳಿ. ಮೂರಕ್ಕೂ ಗಾಳಿಯ ಪಂಪು ಜೋಡಿಸಿ ಬಿಸಿಲು ಬೀಳದ ಕಡೆ ಇಡಿ. ಪ್ರತಿಯೊಂದಕ್ಕೂ ಸುಮಾರು 60 ಮಿಲಿಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಲೀಟರಿಗೆ ಎರಡು ಮಿಲಿಗ್ರಾಮಿನಷ್ಟು ಅಮೋನಿಯ ಆಗುತ್ತದೆ. ಮೊದಲನೆಯದರಲ್ಲಿ ಬೇರೇನೂ ಬೇಡ. ಎರಡನೆಯದಕ್ಕೆ ತೊಳೆದ ಪಟು ಇದ್ದಿಲು. ಮೂರನೆಯದಕ್ಕೆ ಹಳೆಯ ಉಪ್ಪುನೀರಿನ ತೊಟ್ಟಿಯ, ಅಥವಾ ಕಡಲ ದಂಡೆಯ, ಒಂದು ಹಿಡಿ ಹಸಿ ಮರಳು. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಪರೀಕ್ಷಾ ದ್ರವಗಳಿಂದ ಮೂರು ದಿನಗಳಿಗೊಮ್ಮೆ ಅಮೋನಿಯ, ನೈಟ್ರೈಟ್, ನೈಟ್ರೇಟ್ ಅಳೆದು ನಕ್ಷೆ ಬರೆಯಿರಿ. ನೆಸ್ಲರ್ ದ್ರಾವಣ ಬೇಡ, ಅದರಲ್ಲಿ ಪಾದರಸವಿದೆ. ಮೂರನೆಯ ಪಾತ್ರೆಯಲ್ಲಿ ಅಮೋನಿಯ ಇಳಿದು, ನೈಟ್ರೈಟ್ ಏರಿ ಇಳಿದು, ಕೊನೆಗೆ ನೈಟ್ರೇಟ್ ಏರುವುದನ್ನು ಕಾಣುವಿರಿ. ಎರಡನೆಯ ಪಾತ್ರೆಯ ಅಮೋನಿಯ ಮೊದಲನೆಯದಕ್ಕಿಂತ ಹೆಚ್ಚೇನೂ ಭಿನ್ನವಾಗಿರುವುದಿಲ್ಲ.

ಈ ಪ್ರಯೋಗದ ಪಾಠ ಮೀನಿನ ತೊಟ್ಟಿಗಷ್ಟೇ ಸೀಮಿತವಲ್ಲ. ನಮ್ಮ ಬಯಲುಸೀಮೆಯ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಹೆಚ್ಚಾಗಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಇದ್ದಿಲು ಮಾತ್ರ ಇರುವ ಶೋಧಕದಿಂದ ಬಂದ ನೀರು ತಿಳಿಯಾಗಿ, ವಾಸನೆಯಿಲ್ಲದೆ ಇರುತ್ತದೆ. ಆದರೆ ನೈಟ್ರೇಟ್ ಅದರಲ್ಲಿ ಇದ್ದಂತೆಯೇ ಇರುತ್ತದೆ. ಪ್ರಯೋಗ ಮುಗಿದ ಮೇಲೆ ಅದೇ ನೈಟ್ರೇಟ್ ಪರೀಕ್ಷಾ ದ್ರವ ಉಳಿದಿದ್ದರೆ ನಿಮ್ಮ ಊರಿನ ಕೊಳವೆಬಾವಿಯ ನೀರನ್ನೂ ಒಮ್ಮೆ ಪರೀಕ್ಷಿಸಿ. ಸಿಹಿನೀರಿಗೆ ಬಣ್ಣದ ಪಟ್ಟಿ ಬೇರೆಯಿದ್ದರೆ ಅದನ್ನು ನೋಡಿಕೊಳ್ಳಿ. ಮಿತಿಗಿಂತ ಹೆಚ್ಚು ಕಂಡುಬಂದರೆ ನೀರಿನ ಮಾದರಿಯನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳುಹಿಸಿ ಖಚಿತಪಡಿಸಿಕೊಳ್ಳಿ.